ಗ್ಲಾಕೋಮಾ ಇದ್ದವರಿಗೆ ಮರೆವೂ ಬರುತ್ತದಾ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಪ್ಪನಿಗೆ ಆರು ವರ್ಷದಿಂದ ಗ್ಲಾಕೋಮಾ (ಕಣ್ಣಿನ ನರ ಹಾಳಾಗುತ್ತಾ ದೃಷ್ಟಿ ಕುಗ್ಗುವ ಕಾಯಿಲೆ), ಈಗ ಕನ್ನಡಕ ಎಲ್ಲಿಟ್ಟೆ ಅಂತ ದಿನಾ ಹುಡುಕುತ್ತಾರೆ, ಅಷ್ಟರಲ್ಲಿ ಯಾರೋ ‘ಗ್ಲಾಕೋಮಾ ಅಂದರೆ ಕಣ್ಣಿನ ಅಲ್ಝೈಮರ್’ (ನೆನಪು ಅಳಿಸುವ ಮಿದುಳಿನ ಕಾಯಿಲೆ) ಅಂದದ್ದು ಕೇಳಿ ನಿಮ್ಮ ನಿದ್ದೆ ಹಾರಿದೆ. ಅಂದವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ.

ಯಾಕೆಂದರೆ ಕಣ್ಣೊಳಗೆ ಬೆಳಕನ್ನು ಗ್ರಹಿಸುವ ಪರದೆಯಾದ ರೆಟಿನಾ, ಗರ್ಭದಲ್ಲಿ ಮಗು ಬೆಳೆಯುವಾಗ ಮಿದುಳಿನಿಂದಲೇ ಚಾಚಿಕೊಂಡು ಬರುವ ಭಾಗ. ಅಲ್ಲಿಂದ ಮಿದುಳಿಗೆ ಹೋಗುವ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿರುತ್ತವೆ. ಗ್ಲಾಕೋಮಾದಲ್ಲಿ ಸಾಯುವುದು ಈ ಎಳೆಗಳ ಕೋಶಗಳೇ. ಅಲ್ಝೈಮರ್‌ನಲ್ಲಿ ಸಾಯುವುದೂ ನರಕೋಶಗಳೇ. 2007ರಲ್ಲಿ ಲಂಡನ್ನಿನ ಸಂಶೋಧಕರು ಗ್ಲಾಕೋಮಾದಲ್ಲಿ ಹೆಚ್ಚಾಗಿ ಆಗುವ ಹಾಗೆ ಇಲಿಗಳ ಕಣ್ಣೊಳಗಿನ ಒತ್ತಡ ಏರಿಸಿ ನೋಡಿದರು. ಸಾಯುತ್ತಿದ್ದ ಕೋಶಗಳಲ್ಲಿ ಅಮಿಲಾಯ್ಡ್ ಬೀಟಾ ಸಿಕ್ಕಿತು, ಅಲ್ಝೈಮರ್ ಬಂದವರ ಮಿದುಳಲ್ಲಿ ಶೇಖರವಾಗುವ ಅದೇ ಪ್ರೋಟೀನು. ಅದನ್ನು ತಡೆದಾಗ ಕೋಶಗಳ ಸಾವೂ ಕಡಿಮೆಯಾಯಿತು.

ಆದರೆ ಅದು ಇಲಿ. ಮನುಷ್ಯರ ಲೆಕ್ಕ ಹಾಕಿದಾಗ ಕೆಲವು ಅಧ್ಯಯನಗಳಲ್ಲಿ ನಂಟು ಕಾಣುತ್ತದೆ, ಕೆಲವದರಲ್ಲಿ ಏನೂ ಇಲ್ಲ. ಎರಡೂ ವಯಸ್ಸಾದವರಿಗೇ ಜಾಸ್ತಿ ಬರುವ ಕಾಯಿಲೆಗಳು, ಹಾಗಾಗಿ ಒಬ್ಬರಲ್ಲೇ ಎರಡೂ ಕಂಡರೆ ಸುಮ್ನೆ ಒಂದಕ್ಕೊಂದು ಗಂಟು ಹಾಕೋಕಾಗಲ್ಲ. ಇನ್ನೊಂದು ತಮಾಷೆ ಕೇಳಿ: ಎಪಿಒಇ4 ಅನ್ನುವ ಜೀನು ಇದ್ದವರಿಗೆ ಅಲ್ಝೈಮರ್ ಅಪಾಯ ಹೆಚ್ಚು, ಗ್ಲಾಕೋಮಾ ಅಪಾಯ ಮಾತ್ರ ಕಡಿಮೆ ಅಂತ ದೊಡ್ಡ ಅಧ್ಯಯನಗಳೇ ತೋರಿಸಿವೆ. ಅವಳಿ ಕಾಯಿಲೆಗಳಾಗಿದ್ದರೆ ಹೀಗಾಗುತ್ತಿತ್ತಾ?

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಕನ್ನಡಕ. ಗ್ಲಾಕೋಮಾ ಸಾಮಾನ್ಯವಾಗಿ ಮೊದಲು ತಿನ್ನುವುದು ಪಕ್ಕದ ನೋಟವನ್ನು. ಮೇಜಿನ ಅಂಚಿನಲ್ಲಿಟ್ಟ ಕನ್ನಡಕ ಅಪ್ಪನಿಗೆ ಮರೆತಿದೆಯೋ, ಕಾಣುತ್ತಲೇ ಇಲ್ಲವೋ? ಮನೆಯವರಿಗೆ ಎರಡೂ ಒಂದೇ ಥರ ಕಾಣುತ್ತದೆ ಅಲ್ವಾ. ಇದರ ತಿರುವುಮುರುವೂ ಉಂಟು: ಚುಕ್ಕೆ ಬೆಳಕು ಕಂಡಾಗ ಗುಂಡಿ ಒತ್ತುವ ದೃಷ್ಟಿಕ್ಷೇತ್ರದ ಪರೀಕ್ಷೆಗೆ ಗಮನ ಬೇಕು, ಮರೆವು ಶುರುವಾದವರು ಅದರಲ್ಲಿ ತಪ್ಪಿದರೆ ಕಣ್ಣು ಇನ್ನೂ ಕೆಟ್ಟಿದೆ ಅಂತ ಅನ್ನಿಸಬಹುದು.

ಹಾಗಾಗಿ ಕಣ್ಣಿನ ಡಾಕ್ಟರಿಗೆ ಮರೆವಿನ ವಿಷಯ ಹೇಳಿ. ಮಾತಾಡುವಾಗ ಪದ ಸಿಗದೆ ತಡವರಿಸುವುದು, ಗೊತ್ತಿದ್ದ ದಾರಿ ತಪ್ಪುವುದು, ಕೇಳಿದ್ದನ್ನೇ ಕೇಳುವುದು ಇದ್ದರೆ ನರರೋಗದ ಡಾಕ್ಟರಿಗೂ ತೋರಿಸಿ. ಅಲ್ಲಿಯವರೆಗೆ ಕಣ್ಣಿನ ಡ್ರಾಪ್ಸ್ ನೀವೇ ನಿಂತು ಹಾಕಿಸಿ. ‘ಆಗಲೇ ಹಾಕ್ಕೊಂಡೆ’ ಅನ್ನುವ ಮಾತನ್ನು ಮಾತ್ರ ನಂಬಬೇಡಿ, ನೆನಪು ಗಟ್ಟಿ ಇದ್ದವರೂ ಅದನ್ನೇ ಹೇಳುತ್ತಾರೆ.