ಓದುಗರ ಪ್ರಶ್ನೆ: ನಾಯಿ, ಕ್ಯಾರವಾನ್ ಮತ್ತು ಮುಚ್ಚಿದ ಬಾಗಿಲು

ಪ್ರಶ್ನೆ: ನಾವು ನಾಲ್ಕು ಜನ, ಜೊತೆಗೆ ಎರಡು ನಾಯಿ. ಒಂದು ಹತ್ತು ವರ್ಷದ ಲ್ಯಾಬ್ರಡಾರ್. ಇನ್ನೊಂದು ಒಂದೂವರೆ ವರ್ಷದ್ದು, ಬೀದಿಯಿಂದ ತಂದು ಸಾಕಿದ್ದು, ಎಲೆ ಅಲುಗಿದರೂ ಬೊಗಳುತ್ತದೆ. ರಜೆಯಲ್ಲಿ ಐದು ದಿನ ಸಮುದ್ರದ ದಡದ ಊರಿಗೆ ಹೋಗಿ ಬಾಡಿಗೆ ಕ್ಯಾರವಾನ್‌ನಲ್ಲಿ (ಮಲಗಲು, ಅಡುಗೆ ಮಾಡಲು ಜಾಗವಿರುವ ಚಕ್ರದ ಮೇಲಿನ ಪುಟ್ಟ ಮನೆ) ಇರೋಣ ಅಂತ ಆಸೆ. ತುಂಬಾ ಜನ ಬರುವ ಊರು ಅದು. "ನಾಯಿಗಳನ್ನು ಕ್ಯಾರವಾನ್ ಒಳಗೆ ಬಿಟ್ಟು ನಾವು ಸುತ್ತಾಡಿಕೊಂಡು ಬರೋಣ" ಅನ್ನುತ್ತಾರೆ ನಮ್ಮ ಮನೆಯವರು. ಕ್ಯಾರವಾನ್‌ಗಳು ನಿಲ್ಲುವ ಕ್ಯಾಂಪಿನಲ್ಲಿ ಜಾಗ ಬುಕ್ ಮಾಡುವ ಮೊದಲು ಏನೇನು ನೋಡಬೇಕು?

ಉತ್ತರ: ನಿಮ್ಮ ಮನೆಯವರ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಾನೂ ಹಾಗೇ ಅಂದುಕೊಂಡು ಹೊರಟವಳು.

ನನ್ನ ಮೊದಲ ಕ್ಯಾರವಾನ್ ಪ್ರವಾಸಕ್ಕೆ ಬಂದವನು ಗುಂಡ, ಚಪ್ಪಟೆ ಮೂತಿಯ ಪಗ್. ಒಂದು ಮಧ್ಯಾಹ್ನ ಎ.ಸಿ. ಹಾಕಿ, ಬಟ್ಟಲಲ್ಲಿ ನೀರಿಟ್ಟು, ಬಾಗಿಲು ಎಳೆದುಕೊಂಡು ಊಟಕ್ಕೆ ಹೋದೆವು. ಒಂದು ಗಂಟೆಯೂ ಆಗಿರಲಿಲ್ಲ. ವಾಪಸ್ ಬಂದು ಬೀಗಕ್ಕೆ ಕೈ ಹಾಕಿದಾಗ ಎ.ಸಿ. ಸದ್ದೇ ಇಲ್ಲ. ಗೀಸರನ್ನೂ ಆನ್ ಮಾಡಿಯೇ ಹೋಗಿದ್ದೆವು, ಲೋಡ್ ಜಾಸ್ತಿಯಾಗಿ ಹೊರಗಿನ ಕಂಬದ ಸ್ವಿಚ್ ಟ್ರಿಪ್ ಆಗಿತ್ತು. ತಪ್ಪು ನಮ್ಮದೇ. ಗುಂಡ ಅಡುಗೆ ಕಟ್ಟೆಯ ಕೆಳಗೆ, ನೆಲದಲ್ಲಿದ್ದ ಅಂಗೈಯಗಲದ ಜಾಲರಿಗೆ ಮೂಗು ಒತ್ತಿಕೊಂಡು ಬಿದ್ದಿದ್ದ. ನಾಲಿಗೆ ಕಡುಗೆಂಪು, ಜೊಲ್ಲು ಗೋಂದಿನ ಹಾಗೆ ಅಂಟು. ಮೈಮೇಲೆ ನೀರು ಸುರಿದು, ಟವೆಲ್ ಬೀಸಿ, ಆಮೇಲೆ ಡಾಕ್ಟರ ಹತ್ತಿರ ಓಡಿದೆವು. ಬದುಕಿದ. ಅದಾದ ಮೇಲೆ ಆರು ವರ್ಷ ಇದ್ದು ನನ್ನ ಸೋಫಾವನ್ನು ಪೂರ್ತಿ ಹಾಳು ಮಾಡಿಯೇ ಹೋದ.

ಆಮೇಲೆ ಓದಿ ತಿಳಿದುಕೊಂಡದ್ದು ಇಷ್ಟು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಪಾದದ ಅಡಿಯಲ್ಲಿ ಸ್ವಲ್ಪ ಬೆವರುತ್ತದೆ ಅಷ್ಟೇ. ಮೈ ತಣ್ಣಗಾಗುವುದು ಮುಖ್ಯವಾಗಿ ತೇಕುವುದರಿಂದ. ತೇಕಿದಾಗ ನಾಲಿಗೆ, ಬಾಯಿಯ ತೇವ ಆರಬೇಕು. ಸಮುದ್ರದ ಪಕ್ಕದ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ, ಹಾಗಾಗಿ ಅದು ಸುಲಭಕ್ಕೆ ಆರುವುದಿಲ್ಲ. ಹೊರಗೆ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಬಿಸಿಲಲ್ಲಿ ನಿಂತ ಕಾರಿನ ಒಳಗೆ 10 ನಿಮಿಷಕ್ಕೆ ಸುಮಾರು 34, ಅರ್ಧ ಗಂಟೆಗೆ 43 ಆಗಬಹುದು. ಕಿಟಕಿ ಎರಡು ಬೆರಳು ಇಳಿಸಿಟ್ಟರೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. ಇದು ಕಾರಿನ ಲೆಕ್ಕ. ಕ್ಯಾರವಾನ್ ದೊಡ್ಡದು, ಇನ್ನೊಂದಿಷ್ಟು ಹೊತ್ತು ತಡೆಯಬಹುದು. ಆದರೆ ಗೋಡೆ ತೆಳು, ಸುತ್ತ ಕಿಟಕಿ. ನಿಮ್ಮ ಮುದಿ ಲ್ಯಾಬ್ರಡಾರ್‌ನನ್ನು ಅದರಲ್ಲಿಟ್ಟು ಪರೀಕ್ಷೆ ಮಾಡುವುದು ಬೇಡ.

ಇನ್ನು ಆ ಜಾಲರಿಯ ವಿಷಯ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಅದು ಹೊರಗೆ ಹೋಗಲಿ ಅಂತಲೇ ಕ್ಯಾರವಾನ್‌ನ ನೆಲದಲ್ಲಿ ತೂತು ಬಿಟ್ಟಿರುತ್ತಾರೆ. ನಾವು ಏನು ಮಾಡುತ್ತೇವೆ? ನಾಯಿಗೆ ಮೆತ್ತಗಿರಲಿ ಅಂತ ಹಾಸಿಗೆಯನ್ನು ಸರಿಯಾಗಿ ಅದರ ಮೇಲೆಯೇ ಹಾಸುತ್ತೇವೆ. ಕ್ಯಾರವಾನ್ ಕೈಗೆ ಬಂದ ತಕ್ಷಣ ಮಂಡಿಯೂರಿ ಆ ಜಾಲರಿ ಎಲ್ಲಿದೆ ಅಂತ ಹುಡುಕಿ. ನಾಯಿಯ ಕೂದಲು, ಮರಳು ತುಂಬಿ ಮುಚ್ಚಿಕೊಂಡಿದ್ದರೆ ಹಳೆಯ ಟೂತ್‌ಬ್ರಷ್‌ನಿಂದ ಕೆದಕಿ ತೆಗೆಯಿರಿ. ಮಲಗುವ ಮೊದಲು ಸಿಲಿಂಡರ್ ವಾಲ್ವ್ ಬಂದ್ ಮಾಡಿ.

ಈಗ ಬುಕಿಂಗ್. "ನಾಯಿಗೆ ಪ್ರವೇಶವಿದೆ" ಅನ್ನುವ ಒಂದು ಸಾಲು ನಂಬಿ ಹೋಗಬೇಡಿ. ಒಂದು ಸಲ ಫೋನಿನಲ್ಲಿ "ಧಾರಾಳವಾಗಿ ಬನ್ನಿ" ಅಂದವರು, ನಾವು ಗೇಟಿಗೆ ಹೋದಾಗ ಒಂದು ಜಾಗಕ್ಕೆ ಒಂದೇ ನಾಯಿ ಅಂದರು. ನಮ್ಮ ಹತ್ತಿರ ಎರಡಿತ್ತು. ರಾತ್ರಿ ಹನ್ನೊಂದರವರೆಗೆ ಬೇರೆ ಜಾಗ ಹುಡುಕಿದೆವು, ಹಿಂದಿನ ಸೀಟಿನಲ್ಲಿ ಇಬ್ಬರೂ ಗೊರಕೆ ಹೊಡೆಯುತ್ತಿದ್ದರು. ಆದ್ದರಿಂದ ನೇರವಾಗಿ ಕೇಳಿ: ಎಷ್ಟು ನಾಯಿ ಬಿಡುತ್ತೀರಿ? ದೊಡ್ಡ ತಳಿಗೆ ಏನಾದರೂ ತಕರಾರಿದೆಯಾ? ಸ್ವಂತ ಕ್ಯಾರವಾನ್‌ನಲ್ಲಿ ಓಕೆ, ನಿಮ್ಮ ಬಾಡಿಗೆ ಕ್ಯಾರವಾನ್‌ನಲ್ಲೂ ಓಕೆನಾ? ಈ ಮೂರನೆಯದನ್ನು ಕೇಳಲು ತುಂಬಾ ಜನ ಮರೆಯುತ್ತಾರೆ. ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗಬಹುದಾ ಅಂತಲೂ ಕೇಳಿ. ಕೆಲವು ಕಡೆ ಬಿಡಲೇಬಾರದು ಅಂತ ನಿಯಮ ಇರುತ್ತದೆ, ಆಗ ನಿಮ್ಮ ಮನೆಯವರ ಪ್ಲಾನ್ ಅಲ್ಲಿಗೇ ಮುಗಿಯಿತು. ಉತ್ತರವನ್ನು ಮೆಸೇಜಿನಲ್ಲಿ ತರಿಸಿಕೊಳ್ಳಿ. ರೇಬೀಸ್ ಲಸಿಕೆಯ ಪುಸ್ತಕ ಜೊತೆಯಲ್ಲಿರಲಿ.

ಸಮುದ್ರ ಕಾಣುವ ಮುಂದಿನ ಸಾಲಿನ ಜಾಗ ತೋರಿಸಿ ಆಸೆ ಹುಟ್ಟಿಸುತ್ತಾರೆ. ಬೇಡ ಅನ್ನಿ. ಅಲ್ಲಿ ದಿನವಿಡೀ ಚೆಂಡು, ಮಕ್ಕಳು, ಬೇರೆ ನಾಯಿಗಳು. ನಿಮ್ಮ ಚಿಕ್ಕವನು ಬೆಳಗಿನಿಂದ ರಾತ್ರಿವರೆಗೆ ಡ್ಯೂಟಿ ಮಾಡುತ್ತಾನೆ. ಹಿಂದಿನ ಸಾಲಿನ ಮೂಲೆ ತೆಗೆದುಕೊಳ್ಳಿ. ಬಚ್ಚಲುಮನೆಗೆ ಜನ ಓಡಾಡುವ ದಾರಿಯಿಂದ ದೂರ ಇರಲಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಅಲ್ಲಿ ನೆರಳಿರುತ್ತದಾ ಅಂತ ಕೇಳಿ. ಬೆಳಗಿನ ನೆರಳು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನಾಯಿಗೆ ಬೇಕಾದದ್ದು ಮಧ್ಯಾಹ್ನದ್ದು.

ಬೊಗಳುವ ವಿಷಯಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ನಾಯಿಗಳನ್ನು ಒಂದು ಚಿಕ್ಕ ಕೋಣೆಯಲ್ಲಿ ಬಿಟ್ಟು ಅರ್ಧ ಗಂಟೆ ಹೊರಗೆ ಹೋಗಿ. ಬಂದು ಪೂರ್ತಿ ಕೇಳಿ. ನಮ್ಮ ಈಗಿನ ಕರಿಯ ಮನೆಯಲ್ಲಿ ಸಾಧು, ಆದರೆ ಆ ರೆಕಾರ್ಡಿಂಗ್‌ನಲ್ಲಿ ಇಪ್ಪತ್ತೆರಡು ನಿಮಿಷ ಬಿಡದೆ ಕೂಗಿದ್ದ. ಕೇಳಿ ನನಗೇ ನಾಚಿಕೆಯಾಯಿತು. ಆಮೇಲೆ ಐದು ನಿಮಿಷ, ಹತ್ತು ನಿಮಿಷ ಅಂತ ಬಿಟ್ಟು ಬಿಟ್ಟು ಅಭ್ಯಾಸ ಮಾಡಿಸಲು ಒಂದೂವರೆ ತಿಂಗಳು ಹಿಡಿಯಿತು. ನಿಮ್ಮ ಹತ್ತಿರ ಅಷ್ಟು ಸಮಯ ಇಲ್ಲದಿದ್ದರೆ ಸುಮ್ನೆ ಪಾಳಿ ಹಾಕಿಕೊಳ್ಳಿ. ನಾಲ್ಕು ಜನ ಇದ್ದೀರಲ್ವಾ, ಇಬ್ಬರು ಊರಿಗೆ, ಇಬ್ಬರು ನಾಯಿಗೆ. ನಾವು ಈಗಲೂ ಹಾಗೇ ಮಾಡುವುದು. ನಿಜ ಹೇಳಬೇಕೆಂದರೆ ಕ್ಯಾರವಾನ್ ಮುಂದಿನ ಚಪ್ಪರದಲ್ಲಿ ಕಾಲು ಚಾಚಿ ಕೂರುವ ಪಾಳಿಗೇ ನಮ್ಮಲ್ಲಿ ಜಗಳ.

ಬೀಚಿನ ಸಮಯ ಬೇರೆಯೇ ಲೆಕ್ಕ. ಜನ ಜಾಸ್ತಿ ಇರುವ ತಿಂಗಳುಗಳಲ್ಲಿ ಹಗಲು ಹೊತ್ತು ನಾಯಿಗಳನ್ನು ಬಿಡದ ಬೀಚುಗಳು ಎಷ್ಟೋ ಇವೆ. ಹಕ್ಕಿ, ಆಮೆ ಮೊಟ್ಟೆ ಇಡುವ ದಡವಾದರೆ ನಿಯಮ ಇನ್ನೂ ಬಿಗಿ. ದಡದ ಬೋರ್ಡನ್ನು ಓದಿ. ಹೇಗೂ ಮುಂಜಾನೆ, ಸಂಜೆಯೇ ಒಳ್ಳೆಯದು. ಆದರೆ ಆ ಹೊತ್ತಿಗೆ ದಡ ಇರಬೇಕಲ್ಲ! ಹೆಚ್ಚಿನ ಕರಾವಳಿಗಳಲ್ಲಿ ಒಂದು ಭರತದಿಂದ (ಸಮುದ್ರದ ನೀರು ದಡಕ್ಕೆ ಏರಿ ಬರುವುದು) ಇನ್ನೊಂದು ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನದಿಂದ ದಿನಕ್ಕೆ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮೊದಲ ದಿನ ಬೆಳಿಗ್ಗೆ ಆರಕ್ಕೆ ಅಗಲವಾಗಿದ್ದ ಮರಳು ಐದನೇ ದಿನ ಅದೇ ಹೊತ್ತಿಗೆ ಅರ್ಧ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೆ ಬರುತ್ತದೆ. ಇಳಿತದ ಸಮಯ ನೋಡಿಕೊಂಡು ಹೋಗಿ. ನೀರು ಇಳಿದ ಮೇಲೆ ಸಿಗುವ ಗಟ್ಟಿ ಹಸಿ ಮರಳು ನಿಮ್ಮ ಮುದುಕನ ಕಾಲಿಗೂ ಹಿತ. ಒಣ ಮರಳಾದರೆ ಮೊದಲು ಮುಂಗೈ ಒತ್ತಿ ಏಳು ಸೆಕೆಂಡ್ ಇಡಿ. ನಿಮಗೆ ತಡೆಯದಿದ್ದರೆ ಅವನ ಪಾದಕ್ಕೂ ತಡೆಯುವುದಿಲ್ಲ.

ಸಮುದ್ರದ ನೀರು ಕುಡಿಯಲು ಬಿಡಬೇಡಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಅದರಲ್ಲಿ. ಅಲೆಯೊಳಗೆ ಚೆಂಡು ಎಸೆದಾಗಲೆಲ್ಲ ಬಾಯಿ ತುಂಬಾ ನುಂಗುತ್ತದೆ. ಸ್ವಲ್ಪವಾದರೆ ಭೇದಿ, ಜಾಸ್ತಿಯಾದರೆ ವಾಂತಿ, ನಡುಕ, ಜೀವಕ್ಕೇ ಕುತ್ತು. ಕಾಲು ಗಂಟೆಗೊಮ್ಮೆ ಆಟ ನಿಲ್ಲಿಸಿ ಸಿಹಿನೀರು ಕುಡಿಸಿ. ನಿಮ್ಮ ಚಿಕ್ಕವನು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವವನಾದರೆ ದಡದಲ್ಲಿ ಬೆಲ್ಟ್ ಬಿಚ್ಚಲೇಬೇಡಿ. ಸತ್ತ ಮೀನು, ಗಾಳದ ಕೊಕ್ಕೆ ಎಲ್ಲ ಅಲ್ಲೇ ಬಿದ್ದಿರುತ್ತವೆ. ಕೊಕ್ಕೆ ನುಂಗಿ ದಾರ ಬಾಯಿಂದ ಇಳಿಬಿದ್ದಿದ್ದರೆ ಎಳೆಯಬೇಡಿ, ಹಾಗೇ ಡಾಕ್ಟರ ಹತ್ತಿರ ಒಯ್ಯಿರಿ. ಆ ಊರಿನ ನಾಯಿ ಡಾಕ್ಟರ ನಂಬರ್, ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರ್ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. ಕೊರಳ ಬಿಲ್ಲೆಯ ಮೇಲೆ ಮನೆಯ ವಿಳಾಸ ಇದ್ದರೆ ಅಲ್ಲಿ ಯಾರಿಗೂ ಉಪಯೋಗವಿಲ್ಲ, ನಿಮ್ಮ ಜೇಬಿನಲ್ಲಿರುವ ಮೊಬೈಲಿನ ನಂಬರ್ ಇರಲಿ.

ಬೀಚಿನಿಂದ ಬಂದ ಮೇಲೆ ಎರಡಕ್ಕೂ ಸಿಹಿನೀರಿನ ಸ್ನಾನ. ಬೆರಳ ಸಂದಿ, ಕಿವಿಯ ಹಿಂದೆ ಉಪ್ಪು ಉಳಿದರೆ ರಾತ್ರಿಯೆಲ್ಲ ಕೆರೆದುಕೊಳ್ಳುತ್ತವೆ. ಆ ಚಿಕ್ಕ ಜಾಗದಲ್ಲಿ ನೀವೂ ನಿದ್ದೆ ಮಾಡುವುದಿಲ್ಲ.

ಪ್ರಶ್ನೆ: ಕ್ಯಾರವಾನ್ ಎಳೆದುಕೊಂಡು ಹೋಗುವಾಗ ನಾಯಿಯನ್ನು ಅದರೊಳಗೇ ಬಿಡಬಹುದಾ? ಕಾರಿನಲ್ಲಿ ಜಾಗ ಸಾಲುವುದಿಲ್ಲ.

ಉತ್ತರ: ಬೇಡ. ಎಳೆಯುವ ಕ್ಯಾರವಾನ್ ಕಾರಿಗಿಂತ ಜಾಸ್ತಿ ಕುಲುಕುತ್ತದೆ, ತಿರುವಿನಲ್ಲಿ ಕಪಾಟುಗಳು ತೆರೆದುಕೊಳ್ಳುತ್ತವೆ, ಒಳಗೆ ಏನಾದರೂ ಆದರೆ ನಿಮಗೆ ಕೇಳಿಸುವುದೂ ಇಲ್ಲ. ನಾಯಿ ಕಾರಿನಲ್ಲೇ, ಎದೆಪಟ್ಟಿಯನ್ನು ಸೀಟ್ ಬೆಲ್ಟಿಗೆ ಸಿಕ್ಕಿಸಿ. ಸಾಮಾನನ್ನು ಕ್ಯಾರವಾನಿಗೆ ಹಾಕಿ. ಭಾರದ್ದನ್ನು ಚಕ್ರದ ಅಚ್ಚಿನ ಮೇಲೆ, ನೆಲಕ್ಕೆ ತಾಗಿಸಿ ಇಡಿ. ಹಿಂದುಗಡೆ ತುಂಬಿದರೆ ವೇಗದಲ್ಲಿ ಬಾಲ ಅಲ್ಲಾಡಿಸುತ್ತದೆ, ನಾಯಿಯಲ್ಲ, ಕ್ಯಾರವಾನ್.

ಪ್ರಶ್ನೆ: ನಮ್ಮ ನಾಯಿಗೆ ಅಲೆ ಕಂಡರೆ ಭಯ. ಎತ್ತಿಕೊಂಡು ನೀರಿಗೆ ಇಳಿಸಿದರೆ ಅಭ್ಯಾಸ ಆಗುತ್ತದಾ?

ಉತ್ತರ: ಭಯ ಜಾಸ್ತಿ ಆಗುತ್ತದೆ, ನಿಮ್ಮ ಮೇಲಿನ ನಂಬಿಕೆ ಕಮ್ಮಿ ಆಗುತ್ತದೆ. ದೂರದಲ್ಲಿ ಕೂತು ಅಲೆ ನೋಡಲಿ ಬಿಡಿ. ಹತ್ತಿರ ಹೋಗಬೇಕು ಅನ್ನಿಸಿದ ದಿನ ಅದೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಹೋಗದಿದ್ದರೂ ಪರವಾಗಿಲ್ಲ, ಕರಿಯ ಮೂರು ಸಲ ಬಂದರೂ ಇನ್ನೂ ಪಾದ ಒದ್ದೆ ಮಾಡಿಕೊಂಡಿಲ್ಲ.