ಹಿಮ್ಮಡಿ ರಕ್ತದ ಟೆಸ್ಟಲ್ಲಿ 17-ಓಎಚ್‌ಪಿ ಜಾಸ್ತಿ, ಕೂಸು ಆರಾಮಿದೆ, ಕಾಯ್ಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ದು ಶಿರಸಿ ಹತ್ರ ಹಳ್ಳಿ. ಗಂಡು ಕೂಸು, ಇವತ್ತಿಗೆ 8 ದಿನ. ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ 17-ಓಎಚ್‌ಪಿ ಅನ್ನೋ ಹಾರ್ಮೋನು ಜಾಸ್ತಿ ಇದೆ, ಸಿಎಎಚ್ ಅಂದ್ರೆ ಹುಟ್ಟಿನಿಂದ್ಲೇ ಬರೋ ಅಡ್ರಿನಲ್ ಗ್ರಂಥಿ ಕಾಯಿಲೆ ಇರ್ಬಹುದು, ಬೇಗ ತೋರ್ಸಿ ಅಂತ ಫೋನ್ ಬಂತು. ಆದ್ರೆ ಚೊಲೋ ಹಾಲು ಕುಡಿತದೆ. ಮಳೆ ಬೇರೆ ಜೋರು, ನಾಮಕರಣ ಮುಗ್ಸಿ ಹೋದ್ರಾಯ್ತು ಅಂತಾರೆ ಮನೇಲಿ. ಇದಕ್ಕೆ ಸ್ಟಿರಾಯ್ಡ್ ಕೊಡ್ತಾರಂತೆ, ಇಷ್ಟು ಸಣ್ಣ ಕೂಸಿಗೆ ಅಂದ್ರೆ ಹೆದರಿಕೆ, ನಮ್ಮ ಎರಡೂ ಮನೇಲಿ ಯಾರಿಗೂ ಈ ಕಾಯಿಲೆ ಇಲ್ಲ.

ಉತ್ತರ: ತಂಗಿ, ನಾಮಕರಣಕ್ಕೆ ಕಾಯ್ಬೇಡಿ, ಇವತ್ತೇ ಹೊರಡಿ ಅಂತ ನಿಮಗೆ ಫೋನಲ್ಲೇ ಹೇಳಿದೀನಿ, ಬೇರೆ ಮನೆಯವ್ರಿಗೂ ಗೊತ್ತಾಗ್ಲಿ ಅಂತ ಇಲ್ಲಿ ಬರೀತಿದೀನಿ.

ಕಿಡ್ನಿ ಮೇಲೆ ಅಡ್ರಿನಲ್ ಅಂತ ಸಣ್ಣ ಗ್ರಂಥಿ ಇರ್ತದೆ, ಈ ಕಾಯಿಲೆ ಇರೋ ಹೆಚ್ಚಿನ ಮಕ್ಕಳಲ್ಲಿ ಅಲ್ಲಿ 21-ಹೈಡ್ರಾಕ್ಸಿಲೇಸ್ ಅನ್ನೋ ಕಿಣ್ವ ಕೆಲ್ಸ ಮಾಡಲ್ಲ, ಹಾಗಾಗಿ ಕಾಯಿಲೆ, ಒತ್ತಡ ತಡ್ಕೊಳ್ಳೋಕೆ ಮೈಗೆ ಬೇಕಾದ ಕಾರ್ಟಿಸಾಲ್ ಹಾರ್ಮೋನು ಸಾಕಷ್ಟು ತಯಾರಾಗಲ್ಲ, ಎಷ್ಟೋ ಮಕ್ಕಳಲ್ಲಿ ಉಪ್ಪು ಹಿಡಿದಿಡೋ ಆಲ್ಡೋಸ್ಟಿರೋನೂ ಇಲ್ಲ, 17-ಓಎಚ್‌ಪಿ ಮಾತ್ರ ರಾಶಿ ಬೀಳ್ತದೆ. ಉಪ್ಪು ಮೂತ್ರದಲ್ಲಿ ಹೋಗ್ತಾ ಹೋಗ್ತಾ ಸಾಮಾನ್ಯವಾಗಿ ಎರಡನೇ ವಾರದ ಹೊತ್ತಿಗೆ ವಾಂತಿ, ತೂಕ ಇಳಿಯೋದು, ಮಂಕು, ಆಮೇಲೆ ಒಮ್ಮೆಲೇ ಬಿಪಿ ಬಿದ್ದು ಜೀವಕ್ಕೇ ಕುತ್ತು. ಹೆಣ್ಣು ಕೂಸಾದ್ರೆ ಜನನಾಂಗ ಬೇರೆ ಥರ ಕಾಣೋದ್ರಿಂದ ಹುಟ್ಟಿದಾಗ್ಲೇ ಅನುಮಾನ ಬರ್ತದೆ, ಗಂಡು ಕೂಸಲ್ಲಿ ಹೊರಗಡೆ ಏನೂ ಗೊತ್ತಾಗಲ್ಲ. ಈ ಟೆಸ್ಟ್ ಇರೋದೇ ಅಂಥ ಕೂಸುಗಳು ಕೈ ತಪ್ಪಬಾರ್ದು ಅಂತ.

ಹಾಗಂತ ಕಾಯಿಲೆ ಇದ್ದೇ ಇದೆ ಅಂತಲೂ ಅಲ್ಲ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಸುಮ್ನೆನೂ ಜಾಸ್ತಿ ಬರ್ತದೆ. ರಕ್ತದ 17-ಓಎಚ್‌ಪಿ ಮತ್ತೆ ನೋಡ್ಬೇಕು, ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಶುಗರ್. ಇವತ್ತು ಸೋಡಿಯಂ ಸರಿ ಬಂದ್ರೂ ನಿರಾಳ ಆಗ್ಬೇಡಿ, ಇನ್ನೆರಡು ದಿನಕ್ಕೆ ಇಳಿಬಹುದು, ಅದಕ್ಕೇ ಮತ್ತೆ ಮತ್ತೆ ನೋಡೋದು.

ಸ್ಟಿರಾಯ್ಡ್ ಹೆದರಿಕೆ ಅರ್ಥ ಆಗ್ತದೆ. ಆದ್ರೆ ಇಲ್ಲಿ ಕೊಡೋದು ಮೈಯಲ್ಲಿ ಆಗಬೇಕಾಗಿದ್ದ ಹಾರ್ಮೋನನ್ನೇ, ಅಳತೆ ನೋಡಿ, ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್ ದಿನಕ್ಕೆ 3 ಸಲ, ಉಪ್ಪು ಹಿಡಿದಿಡೋಕೆ ಫ್ಲೂಡ್ರೋಕಾರ್ಟಿಸೋನ್ ಬೇರೆ, ಮೊದಲ ವರ್ಷ ಡಾಕ್ಟ್ರು ಹೇಳಿದಷ್ಟೇ ಉಪ್ಪು. ಹೈಡ್ರೋಕಾರ್ಟಿಸೋನ್ ಜಾಸ್ತಿಯಾದ್ರೆ ಎತ್ತರ ಕುಂಠಿತ ಆಗ್ತದೆ, ಕಡಿಮೆಯಾದ್ರೆ ಮೂಳೆ ಬೇಗ ಬಲಿತು ಆಗ್ಲೂ ಕುಳ್ಳಗೇ ಉಳಿಯೋದು, ಹಾಗಾಗಿ ತಪಾಸಣೆ ತಪ್ಪಿಸ್ಬಾರ್ದು. ಔಷಧ ನೀವಾಗೇ ನಿಲ್ಸೋದಂತೂ ಬೇಡವೇ ಬೇಡ.

ಕಾಯಿಲೆ ಹೌದು ಅಂತ ಗೊತ್ತಾದ್ರೆ ನಮ್ಮ ಜಿಲ್ಲೆಯವ್ರು ಮುಖ್ಯವಾಗಿ ಒಂದು ಮಾಡ್ಕೊಳ್ಳಿ. ಜ್ವರ ಬಂದ್ರೆ ಹೈಡ್ರೋಕಾರ್ಟಿಸೋನ್ 2-3 ಪಟ್ಟು ಕೊಡ್ಬೇಕಾಗ್ತದೆ, ವಾಂತಿಯಾಗಿ ಮಾತ್ರೆ ನಿಲ್ದಿದ್ರೆ ಇಂಜೆಕ್ಷನ್ನೇ ಗತಿ. ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದ್ರೆ ಮಣಿಪಾಲ, ಹುಬ್ಬಳ್ಳಿ ಎಲ್ಲಿಗೂ ಹೊತ್ತಿಗೆ ಮುಟ್ಟೋದು ಕಷ್ಟ, ಅದ್ಕೆ ಆ ಇಂಜೆಕ್ಷನ್ ಮನೇಲೇ ಇರ್ಲಿ, ತೊಡೆಗೆ ಹಾಕೋದನ್ನ ಅಪ್ಪ ಅಮ್ಮ ಇಬ್ರೂ ನರ್ಸ್ ಹತ್ರ ಕಲೀರಿ, ಕಾಯಿಲೆ ಹೆಸರು ಡೋಸು ಬರೆದ ಚೀಟಿ ಹತ್ರದ ಆಸ್ಪತ್ರೇಲೂ ಒಂದು ಕೊಟ್ಟಿಡಿ.

ಮನೇಲಿ ಯಾರಿಗೂ ಇಲ್ಲ ಅಂದ್ರಿ. ಅಪ್ಪ ಅಮ್ಮ ಇಬ್ರೂ ಈ ಕಾಯಿಲೆ ಜೀನ್ ಹೊತ್ಕೊಂಡಿದ್ರೂ ಅವ್ರಿಗೆ ಏನೂ ಆಗಿರಲ್ಲ, ಯಾರ ತಪ್ಪೂ ಅಲ್ಲ ಇದು, ನಿಮ್ಮನ್ನ ಯಾರೂ ದೂರೋ ಹಾಗಿಲ್ಲ. ಇಬ್ರಲ್ಲೂ ಅದಿದ್ರೆ ಪ್ರತಿ ಬಸುರಲ್ಲೂ ಕೂಸಿಗೆ ಕಾಯಿಲೆ ಬರೋ 4ರಲ್ಲಿ 1 ಸಾಧ್ಯತೆ ಇರ್ತದೆ, ಮುಂದಿನ ಕೂಸಿಗೆ ಮೊದ್ಲೇ ಜೆನೆಟಿಕ್ ಸಲಹೆ ತಗೊಳ್ಳಿ. ಈಗ ಹೊರಡಿ, ದಾರೀಲಿ ಹಾಲು ಕುಡ್ಸೋದು ತಪ್ಪಿಸ್ಬೇಡಿ.