ಕೊಡಗಿನಿಂದ ಬಂದು ಸೀರಿಯಲ್, ನಾಟಕ, ಸ್ಟ್ಯಾಂಡ್‌ಅಪ್ ಮಾಡಿಕೊಂಡು ಜೀವನ ನಡೆಸಬಹುದಾ?

ವಿರಾಜಪೇಟೆ ಹತ್ತಿರದವರು, ಕಾಲೇಜಲ್ಲಿ ನಾಟಕ ಮಾಡಿದ್ದೀರಿ, ಈಗ ಸೀರಿಯಲ್ ಆಡಿಷನ್ ಕೊಡುತ್ತಿದ್ದೀರಿ, ಒಬ್ಬರೇ ಮೈಕ್ ಹಿಡಿದು ಜನರನ್ನು ನಗಿಸುವ ಸ್ಟ್ಯಾಂಡ್‌ಅಪ್ ಆಸೆಯೂ ಇದೆ. ಮನೆಯಲ್ಲಿ ಮಾತ್ರ ತೋಟ ನೋಡ್ಕೋ ಅಂತಾರೆ. ಇದರಲ್ಲಿ ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದೀರಿ. ತುಂಬುತ್ತೆ. ನಾನು ಮಡಿಕೇರಿ ಕಡೆಯವಳು, ಮೂರನ್ನೂ ಮಾಡುತ್ತಾ ಬೆಂಗಳೂರಲ್ಲಿ ಮನೆ ಬಾಡಿಗೆ ಕಟ್ಟುತ್ತಿದ್ದೇನೆ.

ಬಾಡಿಗೆ ದುಡ್ಡು ಬರುವುದು ಸೀರಿಯಲ್‌ನಿಂದಲೇ. ದಿನದ ಲೆಕ್ಕದಲ್ಲಿ ಪೇಮೆಂಟ್. ತಿಂಗಳಿಗೆ ಎಷ್ಟು ದಿನ ಕರೆಯುತ್ತಾರೆ ಅನ್ನುವುದು ಪಾತ್ರದ ಮೇಲೆ ಹೋಗುತ್ತದೆ. ಗುರುವಾರ ಟಿಆರ್‌ಪಿ ಬರುತ್ತದೆ, ಅದನ್ನು ನೋಡಿ ಕಥೆ ತಿರುಗುತ್ತದೆ. ನಾಯಕಿಯ ಅಕ್ಕನಾಗಿದ್ದ ನನ್ನನ್ನು ಒಂದು ಧಾರಾವಾಹಿಯಲ್ಲಿ ದುಬೈಗೆ ಕಳಿಸಿದರು, ವಾಪಸ್ ಕರೆಸಲೇ ಇಲ್ಲ. ಸೀನ್ ಪೇಪರ್ ಸಿಗುವುದೂ ಸೆಟ್‌ಗೆ ಹೋದ ಮೇಲೆ. ಕ್ಯಾಮೆರಾ ಪಕ್ಕದಿಂದ ಒಬ್ಬರು ಸಾಲು ಸಾಲಾಗಿ ಓದಿ ಹೇಳುತ್ತಾರೆ, ನಾವು ಕೇಳಿಸಿಕೊಂಡೇ ಡೈಲಾಗ್ ಹೇಳಬೇಕು. ಈ ಪ್ರಾಂಪ್ಟಿಂಗ್ ಅಂದರೆ ರಂಗಭೂಮಿಯ ಕೆಲವರಿಗೆ ಅಸಡ್ಡೆ. ನಾನು ಒಪ್ಪುವುದಿಲ್ಲ. ಆಗಷ್ಟೇ ಕಿವಿಗೆ ಬಿದ್ದ ಸಾಲಿಗೆ ಆಗಲೇ ಜೀವ ತುಂಬುವುದು ದೊಡ್ಡ ವಿದ್ಯೆ.

ಆದರೂ ಸೀರಿಯಲ್‌ಗೆ ಮೊದಲು ಒಂದು ವರ್ಷ ರಂಗತರಬೇತಿಗೆ ಕೊಡಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ನಮಗೆ ಹತ್ತಿರ ಅಂದರೆ ಮೈಸೂರಿನ ರಂಗಾಯಣ, 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು. ಕೊನೇ ಸಾಲಿನವರಿಗೂ ಮಾತು ಮುಟ್ಟಿಸುವುದು, ಜನ ಸುಮ್ಮನಿದ್ದಾಗ ಗಾಬರಿಯಾಗದೆ ನಿಲ್ಲುವುದು ಅಲ್ಲಿ ಮೈಗೆ ಹತ್ತುತ್ತದೆ. ಮುಖ್ಯಮಂತ್ರಿ ಚಂದ್ರು ಅವರಿಗೆ ಆ ಹೆಸರು ಅಂಟಿದ್ದೇ ನಾಟಕದ ಪಾತ್ರದಿಂದ ಅಲ್ವಾ? ಸಿನಿಮಾ, ಟಿವಿ ಅಂತ ಎಷ್ಟು ಬ್ಯುಸಿಯಾದರೂ ಅವರು ಆ ನಾಟಕ ಆಡುವುದನ್ನು ಬಿಡಲಿಲ್ಲ.

ಇನ್ನು ಸ್ಟ್ಯಾಂಡ್‌ಅಪ್. ನನಗೆ ಜಾಸ್ತಿ ಪ್ರೀತಿ ಇದರ ಮೇಲೆ, ಯಾಕೆಂದರೆ ಇಲ್ಲಿ ಪ್ರತಿ ಸಾಲೂ ನನ್ನದು. ಹೊಸಬರೂ ಹತ್ತಬಹುದಾದ ಓಪನ್ ಮೈಕ್‌ನಲ್ಲಿ ಐದು ನಿಮಿಷ ಕೊಡುತ್ತಾರೆ. ಹಿಂದಿನಿಂದ ಲೈಟ್ ತೋರಿಸಿದರೆ ಮುಗಿಸಬೇಕು ಅಂತ ಅರ್ಥ. ಮೊದಮೊದಲು ದುಡ್ಡಿಲ್ಲ. ದುಡ್ಡು ಬರುವುದು ಕಂಪನಿಗಳು ತಮ್ಮ ಸಿಬ್ಬಂದಿಗೆ ಮಾಡಿಸುವ ಶೋಗಳಿಂದ, ಅದಕ್ಕೂ ಅರ್ಧ ಗಂಟೆಯ ಗಟ್ಟಿ ಸೆಟ್, ಅಂದರೆ ಜೋಡಿಸಿಟ್ಟ ಜೋಕುಗಳ ಸರಣಿ, ಕೈಯಲ್ಲಿರಬೇಕು.

ಕೊಡಗಿನ ವಿಷಯ ಬೆಂಗಳೂರಲ್ಲಿ ನಡೆಯಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಾರ್ಚ್‌ನಲ್ಲಿ ಅಪ್ಪ ಫೋನ್ ಮಾಡಿದರೆ ಹೇಗಿದ್ದೀಯಾ ಅನ್ನುವ ಮೊದಲು ಮಳೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬಂತು ಅಂತ ಹೇಳುತ್ತಾರೆ. ಆಮೇಲೆ ಪಕ್ಕದ ತೋಟದವರು ಎಷ್ಟು ಅಂದರು, ಅವರ ಲೆಕ್ಕ ಯಾಕೆ ಸುಳ್ಳು ಅಂತ. ಇದು ನನ್ನ ಸೆಟ್‌ನಲ್ಲಿದೆ. ಬೆಂಗಳೂರಲ್ಲಿ ಮೊದಲು ಎರಡು ಸಾಲು ಬೇಕು: ಹೂಮಳೆ ಸರಿಯಾಗಿ ಬರದಿದ್ದರೆ ಮುಂದಿನ ಕಾಫಿ ಫಸಲೇ ಹೋಯಿತು, ಅದಕ್ಕೇ ಮನೆಮನೆಯಲ್ಲೂ ಮಳೆಮಾಪಕ ಅಂತ. ಅಷ್ಟು ಹೇಳಿದರೆ ಜನ ಹಿಡಿದುಕೊಳ್ಳುತ್ತಾರೆ. ನಮ್ಮ ಕೊಡಗಿನದೇ ಗೋಣಿಕೊಪ್ಪದಲ್ಲಿ ಆ ಎರಡು ಸಾಲು ತೆಗೆದೆ. ಫೋನ್ ರಿಂಗ್ ಆಯ್ತು ಅಂದ ಕೂಡಲೇ ನಗು ಶುರು.

ನಮ್ಮೂರ ವೇದಿಕೆಗಳನ್ನು ಬಿಡಬೇಡಿ. ಮಡಿಕೇರಿ ದಸರಾದಲ್ಲಿ ಚಳಿಗೆ ಎಲ್ಲರ ಕೈ ಜಾಕೆಟ್ ಜೇಬಲ್ಲೇ ಇರುತ್ತದೆ. ಚಪ್ಪಾಳೆ ಕಾಯಬೇಡಿ, ನಗು ಮಾತ್ರ ಕೇಳಿಸಿಕೊಳ್ಳಿ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಒಟ್ಟಿಗೆ ಕೂತಿರುತ್ತಾರೆ, ಕೆಫೆಯಲ್ಲಿ ನಡೆದ ಎಷ್ಟೋ ಜೋಕ್ ಅಲ್ಲಿ ಬಿದ್ದುಹೋಗುತ್ತವೆ. ಉಳಿದದ್ದು ಎಲ್ಲೂ ನಡೆಯುತ್ತದೆ. ಮನೆಯವರು ಇದು ನಮ್ಮ ಕಡೆಯ ಕೆಲಸವಲ್ಲ ಅಂದರೆ ಹರದಾಸ ಅಪ್ಪಚ್ಚಕವಿಯ ಹೆಸರು ಹೇಳಿ. 1906ರಲ್ಲೇ ಯಯಾತಿಯ ಕಥೆಯನ್ನು ಕೊಡವ ಭಾಷೆಯಲ್ಲಿ ನಾಟಕ ಮಾಡಿದವರು ಅವರು.

ಎರಡು ವಿಷಯ ನೆನಪಿಡಿ. ಒಳ್ಳೆಯ ಜೋಕನ್ನು ಬೇಗ ಯೂಟ್ಯೂಬ್‌ಗೆ ಹಾಕಬೇಡಿ, ಕೇಳಿದವರು ಶೋನಲ್ಲಿ ಮತ್ತೆ ನಗುವುದು ಕಡಿಮೆ. ಸೀರಿಯಲ್ ಒಪ್ಪಿಕೊಳ್ಳುವಾಗ ನಾಟಕ ಮತ್ತು ಶೋಗಳಿಗೆ ಬಿಡುವು ಬೇಕು ಅಂತ ಮೊದಲೇ ಕೇಳಿ, ಬಾಯಿಮಾತಲ್ಲಿ ಬಿಡದೆ ಅಗ್ರಿಮೆಂಟ್‌ನಲ್ಲೇ ಬರೆಸಿ. ಶೂಟಿಂಗ್ ಶುರುವಾದ ಮೇಲೆ ಕೇಳಿದರೆ ಡೇಟ್ ಹೊಂದಿಸುವುದು ಅವರಿಗೂ ಕಷ್ಟ.